ನವಿಲುತೀರ್ಥ ಜಲಾಶಯದ ನಿರ್ವಹಣೆ ಮತ್ತು ಅನುಕರಣ ಗಣಿತ: ಒಂದು ಐತಿಹಾಸಿಕ ಪರಿಶೀಲನೆ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಇತ್ತೀಚಿನ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ 1980ರ ಜುಲೈ 21ರ ಗೋಳಿಬಾರಿನಿಂದ ಆರಂಭಿಸುವರು. ಅದು ಸಹಜವೇ ಆಗಿದೆ. ಆದರೆ ಆ ದಿನದ ಬೆನ್ನ ಹಿಂದೆ ನಿಂತಿದ್ದ ಪ್ರಶ್ನೆ, ಎಂದರೆ ಜಲಾಶಯದ ನೀರನ್ನು ಯಾವಾಗ, ಎಷ್ಟು, ಯಾರಿಗೆ ಬಿಡಬೇಕೆಂಬುದನ್ನು ಮುಂಚಿತವಾಗಿ ಲೆಕ್ಕಹಾಕಬಹುದೇ ಎಂಬ ಪ್ರಶ್ನೆಯು, ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಂತಿಲ್ಲ. ಆ ಲೆಕ್ಕದ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಕೆಲಸಕ್ಕೆ ಬಂದಿತು. ರೇಣುಕಾಸಾಗರವೆಂದು ಕರೆಯುವ ಈ ಜಲಾಶಯದ ಒಟ್ಟು ಸಾಮರ್ಥ್ಯ 37.73 ಶತಕೋಟಿ ಘನ ಅಡಿ (ಟಿಎಂಸಿ). ಮಳೆ ಬೀಳುವುದು ಸಹ್ಯಾದ್ರಿಯ ಮಗ್ಗುಲಿನಲ್ಲಿ. ನೀರು ಬೇಕಾದುದು ಮಳೆಯಿಲ್ಲದ ಬಯಲಿಗೆ. ಜಲಾಶಯವು ತುಂಬಿದ ವರ್ಷಗಳೋ ವಿರಳ. ಬರುವ ನೀರು ಅನಿಶ್ಚಿತ, ಬೇಡಿಕೆ ನಿಶ್ಚಿತ ಎಂಬ ಈ ಸ್ಥಿತಿಯಲ್ಲಿಯೇ ನಿರ್ವಹಣೆಯ ಸಮಸ್ಯೆಯೆಲ್ಲ ಅಡಗಿದೆ.

ಜಲಾಶಯ ಎಷ್ಟು ದೊಡ್ಡದಿರಬೇಕೆಂಬುದನ್ನು ನಿರ್ಣಯಿಸುವ ರೇಖಾಕ್ರಮವೊಂದನ್ನು ರಿಪ್ಲ್ ಎಂಬ ಎಂಜಿನಿಯರನು 1883ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದನು. ಆದರೆ ಗಾತ್ರದ ಪ್ರಶ್ನೆ ಬೇರೆ, ನಡೆಸುವ ಪ್ರಶ್ನೆ ಬೇರೆ. ಎರಡನೆಯದಕ್ಕೆ ಗಣಕಯಂತ್ರವು ಬರಬೇಕಾಯಿತು. ಅಮೆರಿಕದ ಮಿಸ್ಸೂರಿ ನದಿಯ ಆರು ಜಲಾಶಯಗಳನ್ನು 1953ರಲ್ಲಿ ಯಂತ್ರದೊಳಗೆ ‘ನಡೆಸಿ’ ನೋಡಲಾಯಿತು. ಅದೇ ದಶಕದ ಕೊನೆಗೆ ಮಾರಿಸ್ ಮತ್ತು ಆಲನ್ ಅವರು ನೈಲ್ ಕಣಿವೆಗೆ ಇದನ್ನೇ ಅನ್ವಯಿಸಿದರು. ಇದಕ್ಕೆ ಅನುಕರಣ ಗಣನೆ, ಅಂದರೆ ಸಿಮ್ಯುಲೇಶನ್, ಎಂದು ಹೆಸರು. ಇಂದು ಅಲೆಯಾಟಕ್ಕಾಗಿ ಕಟ್ಟುವ ಕೃತಕ ಕೊಳದಲ್ಲಿ ಗಂಟೆಗೆ ಎಷ್ಟು ಅಲೆ, ಎಷ್ಟು ಮಂದಿಗೆ ಸರದಿ ಎಂಬುದನ್ನು ಗೊತ್ತುಮಾಡುವಲ್ಲಿಯೂ ಈ ಉಪಾಯವೇ ಒದಗುತ್ತದೆ.

ಗಣಿತವೆಂದೊಡನೆ ಹಿಂಜರಿಯುವ ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಹೆದರಬೇಕಾದುದಿಲ್ಲ. ಇದು ಮನೆಯ ಕಣಜದ ಲೆಕ್ಕವೇ. ವರ್ಷವನ್ನು ಹತ್ತು ದಿನಗಳ 36 ಅವಧಿಗಳಾಗಿ ಒಡೆಯೋಣ. ಒಂದು ಅವಧಿಯ ಆರಂಭದಲ್ಲಿ 12 ಟಿಎಂಸಿ ನೀರಿದ್ದು, ಹೊಳೆಯಿಂದ 1 ಬಂದು, ಬಿಸಿಲಿಗೆ 0.25 ಆರಿ, ಕಾಲುವೆಗೆ 2 ಬಿಟ್ಟರೆ, ಉಳಿಯುವುದು 10.75, ಮುಂದಿನ ಅವಧಿಗೆ ಅದೇ ಮೊದಲಂಕಿ. ಇವು ಕೇವಲ ಉದಾಹರಣೆಯ ಅಂಕಿಗಳು. ಇನ್ನು, ಇಂತಿಷ್ಟಕ್ಕಿಂತ ಕೆಳಗಿಳಿದರೆ 2ರ ಬದಲು 1.5 ಮಾತ್ರ ಬಿಡತಕ್ಕದ್ದೆಂದು ಒಂದು ನಿಯಮವನ್ನು ಮಾಡಿ, ಹಿಂದಿನ 30 ವರ್ಷಗಳ ಹೊಳೆಯ ನೀರನ್ನು ಈ ನಿಯಮದ ಕೆಳಗೆ ಹರಿಸಿದರೆ, 1,080 ಸಾಲುಗಳ ಒಂದು ಖಾತೆ ಸಿದ್ಧವಾಗುತ್ತದೆ. ನಿಯಮವನ್ನು ಬದಲಿಸಿದರೆ ಮತ್ತೊಂದು ಖಾತೆ. ಯಾವ ನಿಯಮದಲ್ಲಿ ಬೆಳೆ ಎಷ್ಟು ಸಲ ಒಣಗಿತೆಂಬುದನ್ನು ಒಂದು ಹೊಲವನ್ನೂ ಒಣಗಿಸದೆ ತಿಳಿಯಬಹುದು.

ಮಲಪ್ರಭೆಯಲ್ಲಿ ಕ್ರಮವು ಇದಕ್ಕೆ ವಿರುದ್ಧವಾಗಿ ನಡೆಯಿತೆಂಬುದೇ ಖೇದದ ಸಂಗತಿ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟಲಿಲ್ಲವೆಂದೂ, ಆದರೂ ನೀರಿನ ಕರವನ್ನೂ ಅಭಿವೃದ್ಧಿ ಕರವನ್ನೂ ಕೇಳಲಾಗುತ್ತಿದೆಯೆಂದೂ ರೈತರು ದೂರಿದರು. ಆಗ ಅಖಂಡ ಧಾರವಾಡ ಜಿಲ್ಲೆಯಲ್ಲಿದ್ದ ನರಗುಂದದಲ್ಲಿಯೂ ನವಲಗುಂದದಲ್ಲಿಯೂ 1980ರಲ್ಲಿ ಪ್ರಾಣಹಾನಿಯಾಯಿತು. ಇದಾದ ಹನ್ನೆರಡು ವರ್ಷಗಳ ಮೇಲೆ, 1992ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೇದುಲ ಮತ್ತು ಮುಜುಂದಾರ್ ಅವರು ಇದೇ ಜಲಾಶಯವನ್ನು ನಿದರ್ಶನವಾಗಿ ಇಟ್ಟುಕೊಂಡು, ಹಲವು ಬೆಳೆಗಳಿಗೆ ನೀರನ್ನು ಹಂಚುವ ಉತ್ತಮ ನಿಯಮಗಳನ್ನು ಗಣಿಸಿ ಪ್ರಕಟಿಸಿದರು. ಅಂತಹ ನಿಯಮಗಳು ಹೇಗೆ ನಡೆದಾವೆಂಬುದನ್ನು ಅನುಕರಣದಿಂದ ಪರೀಕ್ಷಿಸಿದರು.

ಈ ಪರೀಕ್ಷೆಯ ಅಳತೆಗೋಲುಗಳಲ್ಲಿ ಎರಡು ನಮ್ಮ ಪ್ರಕರಣಕ್ಕೆ ಮುಖ್ಯವಾದುವು. ವಿಶ್ವಸನೀಯತೆಯೆಂದರೆ ಬೇಡಿಕೆ ಪೂರ್ತಿ ಈಡೇರಿದ ಅವಧಿಗಳ ಪ್ರಮಾಣ. ಚೇತರಿಕೆಯೆಂದರೆ ಒಮ್ಮೆ ತಪ್ಪಿದ ಮೇಲೆ ಎಷ್ಟು ಬೇಗ ಸರಿಹೋಯಿತೆಂಬುದು. ಇಪ್ಪತ್ತು ವರ್ಷಗಳಲ್ಲಿ ನಾಲ್ಕು ವರ್ಷ ನೀರು ತಪ್ಪಿದರೆ ವಿಶ್ವಸನೀಯತೆ ಶೇಕಡಾ 80. ಆದರೆ ಆ ನಾಲ್ಕು ವರ್ಷಗಳು ಚದುರಿ ಬಂದರೆ ಒಕ್ಕಲಿಗನು ಸಾಲಮಾಡಿ ತಡೆದಾನು. ಒಂದರ ಮೇಲೊಂದು ಬಂದರೆ ಹೊಲವನ್ನೇ ಮಾರಬೇಕಾದೀತು. ಮೊದಲ ಅಂಕಿಯೊಂದನ್ನೇ ನೋಡಿದವರಿಗೆ ಈ ಭೇದ ಕಾಣದು. ಇದನ್ನು ಅಂಕಿಯಲ್ಲಿ ಕಾಣಿಸಿದುದು ಈ ಗಣಿತದ ದೊಡ್ಡ ಉಪಕಾರವೆಂದು ನಾವು ಎಣಿಸುತ್ತೇವೆ.

ಆದರೆ ಇಂತಹ ಗಣನೆಗಳು ಬಹುಮಟ್ಟಿಗೆ ಅಚ್ಚುಕಟ್ಟನ್ನೆಲ್ಲ ಒಂದೇ ಹೊಲವೆಂದು ಭಾವಿಸಿ ಹೊರಡುತ್ತವೆ. ಕಾಲುವೆಯ ತಲೆಯಲ್ಲಿರುವವನಿಗೂ ಬಾಲದಲ್ಲಿರುವವನಿಗೂ ಖಾತೆಯಲ್ಲಿ ಒಂದೇ ಸಾಲು. ಮೇಲಿನವರು ಗೊತ್ತುಮಾಡಿದ ಬೆಳೆಯನ್ನು ಬಿಟ್ಟು ಹೆಚ್ಚು ನೀರು ಕುಡಿಯುವ ಬೆಳೆಯನ್ನು ಹಾಕಿದರೆ ಬಾಗಿಲಿನ ಲೆಕ್ಕ ಸರಿಯಾಗಿಯೇ ಇರುತ್ತದೆ, ಕೆಳಗೆ ಕಾಲುವೆ ಮಾತ್ರ ಒಣಗಿರುತ್ತದೆ. ನವಲಗುಂದದವರ ತಕರಾರು ಜಲಾಶಯದ ಬಾಗಿಲಿನದಾಗಿರಲಿಲ್ಲ, ಕಾಲುವೆಯ ಕೊನೆಯದಾಗಿತ್ತು. ಹೊಲದ ಸ್ಥಾನವನ್ನೂ ಸಾಲು ಸಾಲಾಗಿ ಖಾತೆಗೆ ಸೇರಿಸದ ಅನುಕರಣವು ಈ ಸೀಮೆಯ ಮಟ್ಟಿಗೆ ಅರ್ಧವೇ ಸರಿ.

ಮಹಾದಾಯಿಯ ವಿಚಾರದಲ್ಲಿಯೂ ಇದೇ ಎಚ್ಚರಿಕೆ ಬೇಕು. 7.56 ಟಿಎಂಸಿಗಾಗಿ ಕರ್ನಾಟಕವು ಮಾಡಿದ್ದ ಮಧ್ಯಂತರ ಕೋರಿಕೆಯನ್ನು ನ್ಯಾಯಾಧಿಕರಣವು 2016ರ ಜುಲೈ 27ರಂದು ತಳ್ಳಿಹಾಕಿದಾಗ ನವಲಗುಂದವು ಮತ್ತೆ ಹೊತ್ತಿತು. 2018ರ ಆಗಸ್ಟ್ 14ರ ತೀರ್ಪಿನಲ್ಲಿ ರಾಜ್ಯಕ್ಕೆ ದೊರೆತ 13.42 ಟಿಎಂಸಿಯಲ್ಲಿ, ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಮಾತ್ರ ಮಲಪ್ರಭೆಗೆ ತಿರುಗಿಸತಕ್ಕದ್ದು. ಈ 3.90ನ್ನು ವರ್ಷದ ಮೊತ್ತವಾಗಿ ಕೂಡಿದರೆ ಸಾಲದು. ಅದು ಯಾವ ಹತ್ತು ದಿನಗಳಲ್ಲಿ ಬರುವುದೆಂದು ಕೇಳಬೇಕು. 2019ರ ಆಗಸ್ಟಿನಲ್ಲಿ ಜಲಾಶಯವು ತುಂಬಿ, ಹೊರಬಿಟ್ಟ ನೀರಿನಿಂದ ಕೆಳಗಿನ ಊರುಗಳು ಮುಳುಗಿದುವು. ಅಂತಹ ವಾರದಲ್ಲಿ ಬಂದ ಮಹಾದಾಯಿಯ ನೀರು ಕೋಡಿಯ ಪಾಲೇ. ಮಳೆ ಸೋತ ವರ್ಷದಲ್ಲಿ ಆ ಕಣಿವೆಯೂ ಸಹ್ಯಾದ್ರಿಯದೇ ಆದುದರಿಂದ ಎರಡು ಹೊಳೆಗಳೂ ಒಟ್ಟಿಗೇ ಸೋಲುವ ಸಂಭವ ಉಂಟು. ಇವೆರಡರ ನಡುವಣ ಸಾಧಾರಣ ವರ್ಷಗಳಲ್ಲಿ ಬಾಲದ ಹೊಲಕ್ಕೆ ಎಷ್ಟು ಮುಟ್ಟೀತೆಂಬ ಖಾತೆಯನ್ನೇ ಮೊದಲು ಬರೆದು ನೋಡಬೇಕಾಗಿದೆ.