ದೀರ್ಘಕಾಲಿಕ ಬಳಲಿಕೆ ಮತ್ತು ಪ್ರೋಬಯಾಟಿಕ್: ಸಂಶೋಧನೆಯ ಇತಿಹಾಸ

ಎಷ್ಟು ಮಲಗಿದರೂ ಇಳಿಯದೆ ತಿಂಗಳುಗಟ್ಟಲೆ ಕಾಡುವ ಸುಸ್ತಿಗೆ 1869ರಲ್ಲಿ ನ್ಯೂಯಾರ್ಕಿನ ವೈದ್ಯ ಜಾರ್ಜ್ ಬಿಯರ್ಡ್ ನರಶಕ್ತಿ ಬತ್ತಿರುವುದೇ ಕಾರಣವೆಂದು ಹೇಳಿ, ಅದನ್ನು ನ್ಯೂರಸ್ತೇನಿಯಾ ಎಂದು ಕರೆದ.

1955ರ ಜುಲೈಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಇಂಥದೇ ಸುಸ್ತು ತರುವ ಕಾಯಿಲೆಗೆ ತುತ್ತಾದವರಲ್ಲಿ ಒಳರೋಗಿಗಳು ಕಡಿಮೆ, ಬಹುಪಾಲು ದಾದಿಯರು, ವೈದ್ಯರು ಮೊದಲಾದ ಸಿಬ್ಬಂದಿ. ಗಂಟಲುನೋವು, ತಲೆನೋವಿನಿಂದ ಶುರುವಾಗಿ ಕೈಕಾಲು ಸೋಲುತ್ತಿದ್ದವು. 292 ಸಿಬ್ಬಂದಿಗೆ ತಗುಲಿ, ಆಸ್ಪತ್ರೆಯನ್ನೇ ಅಕ್ಟೋಬರ್‌ವರೆಗೆ ಮುಚ್ಚಬೇಕಾಯಿತು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆಗಳನ್ನಷ್ಟೇ ಓದಿ, ಪೀಡಿತರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂಬುದನ್ನೂ ಆಧಾರವಾಗಿಸಿಕೊಂಡು, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ರೋಗಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. 'ಎಲ್ಲ ಮನಸ್ಸಿನದು' ಎಂಬ ಮಾತನ್ನು ಮುಂದಿನ ಪೀಳಿಗೆಯವರೂ ಕೇಳಬೇಕಾಯಿತು. ಈ ದೀರ್ಘಕಾಲಿಕ ಬಳಲಿಕೆ ದೇಹವನ್ನೇ ಹಿಡಿಯುವ ಗಂಭೀರ ಕಾಯಿಲೆಯೆಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸ್ಪಷ್ಟವಾಗಿ ಹೇಳಿದ್ದು 2015ರಲ್ಲಿ.

ಕ್ಯಾನ್ಸರ್ ರೋಗಿಯ ಸುಸ್ತನ್ನು ಯಾರೂ ಸುಳ್ಳೆನ್ನಲಿಲ್ಲ, ಆದರೆ ಕೀಮೋ ಮುಗಿದರೆ ಹೋಗುತ್ತದೆಂದು ತಳ್ಳಿಹಾಕುತ್ತಿದ್ದರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ವರ್ಷಗಳಾದರೂ ಬಳಲುತ್ತಿದ್ದವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿರುವುದನ್ನು ಕ್ಯಾಲಿಫೋರ್ನಿಯಾದ ಜೂಲಿಯನ್ ಬೋವರ್ ತಂಡ 2002ರಲ್ಲಿ ತೋರಿಸಿತು. ಇಂಟರ್‌ಲ್ಯೂಕಿನ್-6ರಂಥ ಸೈಟೊಕೈನ್‌ಗಳು, ಅಂದರೆ ಉರಿಯೂತದ ಸಂದೇಶವಾಹಕಗಳು, ರಕ್ತದ ಮೂಲಕವೂ ವೇಗಸ್ ನರದ ಮೂಲಕವೂ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಜ್ವರ ಬಂದಾಗ ಏಳಲಾಗದಂತೆ ಮಾಡುವ ವ್ಯವಸ್ಥೆಯೂ ಇದೇ. ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ದೆಗೇಡು ಕ್ಯಾನ್ಸರ್ ರೋಗಿಯ ಸುಸ್ತಿಗೆ ಕೂಡಿಕೊಳ್ಳುತ್ತವೆ. ಆದರೆ ಈ ಸುಸ್ತೂ ದೀರ್ಘಕಾಲಿಕ ಬಳಲಿಕೆಯ ಕಾಯಿಲೆಯೂ ಒಂದೇ ಅಲ್ಲ. ಕ್ಯಾನ್ಸರಿನ ಬಳಲಿಕೆಗೆ ವ್ಯಾಯಾಮ ಒಳ್ಳೆಯ ಮದ್ದು. ಇನ್ನೊಂದರಲ್ಲಿ ಶಕ್ತಿ ಮೀರಿ ದುಡಿದರೆ ಕಾಯಿಲೆ ಉಲ್ಬಣಿಸುತ್ತದೆ. ಹಾಗಾಗಿಯೇ 2021ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಆ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಕೈಬಿಟ್ಟಿತು.

ಉರಿಯೂತದ ಜಾಡು ಕರುಳಿಗೂ ಹೋಯಿತು. 2009ರಲ್ಲಿ ಕೆನಡಾದ ಸಂಶೋಧಕರು ದೀರ್ಘಕಾಲಿಕ ಬಳಲಿಕೆಯ 39 ರೋಗಿಗಳಲ್ಲಿ ಕೆಲವರಿಗೆ ಲ್ಯಾಕ್ಟೊಬ್ಯಾಸಿಲಸ್ ಕೇಸಿ ಶಿರೊಟಾ ಎಂಬ ಪ್ರೋಬಯಾಟಿಕ್ (ಹಿತಕಾರಿ ಜೀವಂತ ಬ್ಯಾಕ್ಟೀರಿಯಾ) ಅನ್ನೂ ಉಳಿದವರಿಗೆ ಹುಸಿಮದ್ದನ್ನೂ ಎರಡು ತಿಂಗಳು ಕೊಟ್ಟರು. ಬ್ಯಾಕ್ಟೀರಿಯಾ ಪಡೆದವರಲ್ಲಿ ಆತಂಕ ತಗ್ಗಿತು. 2013ರ ಐರಿಷ್ ಅಧ್ಯಯನದಲ್ಲಿ ಬೈಫಿಡೊಬ್ಯಾಕ್ಟೀರಿಯಂ ಎಂಬ ಇನ್ನೊಂದು ಪ್ರೋಬಯಾಟಿಕ್ ಸೇವಿಸಿದ ಇಂಥ ರೋಗಿಗಳ ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. 2023ರಲ್ಲಿ ಪ್ರಕಟವಾದ ಎರಡು ಅಮೆರಿಕನ್ ಅಧ್ಯಯನಗಳು, ಕರುಳನ್ನು ಕಾಯುವ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಈ ರೋಗಿಗಳಲ್ಲಿ ಕಡಿಮೆಯೆಂದು ಕಂಡುಕೊಂಡವು. ಇವೆಲ್ಲ ಭರವಸೆಯ ಸುಳಿವುಗಳು. ಆದರೆ ಪ್ರೋಬಯಾಟಿಕ್ ಸುಸ್ತನ್ನೇ ನೀಗಿಸುವ ಮದ್ದೆಂದು ಇನ್ನೂ ಸಾಬೀತಾಗಿಲ್ಲ. ಕೀಮೋದಿಂದ ಬಿಳಿ ರಕ್ತಕಣ ಕುಸಿದಿರುವಾಗ ಇದೇ ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಸೋಂಕಾಗಬಹುದು. ಆದ್ದರಿಂದ ಕ್ಯಾನ್ಸರ್ ರೋಗಿಗೆ ಅಂಗಡಿಯಿಂದ ಪ್ರೋಬಯಾಟಿಕ್ ಮಾತ್ರೆ ತಂದು ಕೊಡುವ ಮುನ್ನ ಚಿಕಿತ್ಸೆ ಮಾಡುವ ವೈದ್ಯರನ್ನು ಕೇಳಲೇಬೇಕು.