ಓಹೆನೆ ಜಾನ್ ಕಳುಹಿಸಿದ ತಂತಿ

1966ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವ ಫುಟ್‌ಬಾಲ್ ಪಂದ್ಯಾವಳಿಯ ಹದಿನಾರು ತಂಡಗಳಲ್ಲಿ ಆಫ್ರಿಕದ್ದು ಒಂದೂ ಇರಲಿಲ್ಲ. ಅವು ಸೋತು ಹಿಂದುಳಿದವಲ್ಲ. ಬರಲೊಲ್ಲೆವೆಂದು ದೂರ ನಿಂತವು. ಆ ನಿರಾಕರಣೆಗೆ ಮೊದಲು ಮಾತು ಕೊಟ್ಟವರಲ್ಲಿ ಘಾನಾದ ಓಹೆನೆ ಜಾನ್ ಒಬ್ಬರು.

ಜಾನ್ ಮೂಲತಃ ರಾಜಕಾರಣಿ. 1951ರಲ್ಲಿ, ದೇಶವಿನ್ನೂ ಗೋಲ್ಡ್ ಕೋಸ್ಟ್ ಎಂಬ ವಸಾಹತಾಗಿದ್ದಾಗ, ಎನ್‌ಕ್ರುಮಾ ಅವರ ಪಕ್ಷದಿಂದ ಶಾಸನಸಭೆಗೆ ಆರಿಸಿಬಂದವರು. ಸ್ವಾತಂತ್ರ್ಯ ಬಂದ 1957ರಲ್ಲಿಯೇ ಹಳೆಯ ಆಡಳಿತಗಾರರನ್ನು ಬದಿಗೆ ಸರಿಸಿ ಫುಟ್‌ಬಾಲ್ ಸಂಘದ ಸೂತ್ರ ಹಿಡಿದರು. ಮುಂದೆ ಕ್ರೀಡಾ ನಿರ್ದೇಶಕರೂ ಆದರು. ಅವರದು ಮೃದುವಾದ ಕೈಯಲ್ಲ. 'ರಿಯಲ್ ರಿಪಬ್ಲಿಕನ್ಸ್' ಎಂಬ ಮಾದರಿ ಕ್ಲಬ್ಬನ್ನು ಕಟ್ಟುವುದಕ್ಕಾಗಿ ಹೆಸರಾಂತ ಕ್ಲಬ್ಬುಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಎತ್ತಿಕೊಂಡರು. ಬೆಳೆಸಿದವರು ಒಬ್ಬರು, ಕೊಯ್ದವರು ಮತ್ತೊಬ್ಬರು. ಕ್ಲಬ್ಬುಗಳು ಮುನಿದದ್ದು ಸಹಜವೇ. ಆದರೂ ಘಾನಾದ 'ಕಪ್ಪು ನಕ್ಷತ್ರ'ಗಳು 1963ರಲ್ಲಿ ಸುಡಾನನ್ನೂ 1965ರಲ್ಲಿ ಟ್ಯುನೀಸಿಯವನ್ನೂ ಸೋಲಿಸಿ ಆಫ್ರಿಕದ ಕಪ್ ಗೆದ್ದುವು.

ಇಂಥ ತಂಡ ಕೈಯಲ್ಲಿದ್ದಾಗಲೇ 1964ರಲ್ಲಿ ಫೀಫಾದ ತೀರ್ಮಾನ ಹೊರಬಿತ್ತು. ಹದಿನಾರರಲ್ಲಿ ಯೂರೋಪಿಗೆ ಹತ್ತು. ಆಫ್ರಿಕ, ಏಷ್ಯ, ಓಷಿಯಾನಿಯ ಮೂರಕ್ಕೂ ಸೇರಿ ಒಂದು! ತಮ್ಮ ಖಂಡವನ್ನು ಗೆದ್ದವರು ಮತ್ತೆ ಬೇರೊಂದು ಖಂಡದ ವಿಜೇತರೊಡನೆ ಸೆಣಸಬೇಕು. ಹೊಸದಾಗಿ ಸ್ವತಂತ್ರವಾದ ಬಡ ದೇಶಗಳು ಅಷ್ಟು ವಿಮಾನಖರ್ಚು ಹೊರುವುದೆಂತು? ವರ್ಣಭೇದವನ್ನು ಪಾಲಿಸುತ್ತಿದ್ದ ದಕ್ಷಿಣ ಆಫ್ರಿಕವನ್ನು 1963ರಲ್ಲಿ ಫೀಫಾ ಮರಳಿ ಸೇರಿಸಿಕೊಂಡದ್ದೂ ಆಗಲೇ ಗಾಯವಾಗಿತ್ತು. ಸ್ವತಃ ಫೀಫಾದ ಕಾರ್ಯಸಮಿತಿಯಲ್ಲಿದ್ದ ಜಾನ್, ಈ ಏರ್ಪಾಟು ಶೋಚನೀಯ, ಅಸಮಂಜಸ ಎಂದು ಸಂಸ್ಥೆಗೆ ತಂತಿ ಕಳುಹಿಸಿದರು. ಇಥಿಯೋಪಿಯದ ಟೆಸೆಮಾ ಜೊತೆಗೂಡಿದರು; ಆಫ್ರಿಕದ ತಂಡಗಳು ಹಿಂದೆ ಸರಿದವು.

ಗೆಲ್ಲಬಲ್ಲ ತಂಡವಿರುವಾಗಲೇ ಆಡುವುದಿಲ್ಲವೆನ್ನುವುದು ಸುಲಭದ ಮಾತಲ್ಲ. ಆ ಆಟಗಾರರ ಪ್ರಾಯ ಮರಳಿ ಬರುವಂಥದೇ? ಅತ್ತ ಇಂಗ್ಲೆಂಡಿನಲ್ಲಿ ಒಂಬತ್ತು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ ಯುಸೇಬಿಯೊ ಮೊಜಾಂಬಿಕಿನಲ್ಲಿ ಹುಟ್ಟಿದವನು. ಆಡಿದ್ದು ಮಾತ್ರ ಒಡೆಯರಾದ ಪೋರ್ಚುಗೀಸರ ಅಂಗಿ ತೊಟ್ಟು.

ಆ ಪಂದ್ಯಾವಳಿಯ ಹೊತ್ತಿಗೆ ಜಾನ್ ಅಧಿಕಾರದಲ್ಲಿರಲಿಲ್ಲ. 1966ರ ಫೆಬ್ರವರಿಯಲ್ಲಿ ಸೈನ್ಯ ಎನ್‌ಕ್ರುಮಾರನ್ನು ಕೆಳಗಿಳಿಸಿದಾಗ ಅವರ ಪದವಿಯೂ ಹೋಯಿತು, ರಿಪಬ್ಲಿಕನ್ಸ್ ಕ್ಲಬ್ಬೂ ಮುಚ್ಚಿತು. 1970ಕ್ಕೆ ಆಫ್ರಿಕಕ್ಕೆಂದೇ ಒಂದು ಸ್ಥಾನ ದೊರೆತಾಗ ಮೆಕ್ಸಿಕೊಗೆ ಹೋದದ್ದು ಮೊರಾಕೊ. ಘಾನಾ ವಿಶ್ವಕಪ್ಪನ್ನು ಕಂಡದ್ದು 2006ರಲ್ಲಿ. ಅಕ್ರಾದ ಕ್ರೀಡಾಂಗಣಕ್ಕೆ 2004ರಲ್ಲಿ ಜಾನ್ ಹೆಸರನ್ನಿಟ್ಟರು. ಸ್ಥಳೀಯರ ಆಕ್ಷೇಪ ನಿಲ್ಲದೆ 2018ರಲ್ಲಿ ಅದನ್ನೂ ತೆಗೆದರು.