ಭೂರ್ಜದ ನೆಂಟ ಧಾರವಾಡದ ಅಂಗಳದಲ್ಲಿ: ಬೆಟುಲೇಸೀ ಕುಟುಂಬದ ವರ್ಗೀಕರಣಕ್ಕೆ ಗಾಳಿಮರದ ಸಾಕ್ಷ್ಯ

ಭೂರ್ಜವು ನಮ್ಮ ನಾಡಿಗೆ ಶಬ್ದವಾಗಿ ಬಂತು, ತೊಗಟೆಯಾಗಿ ಬಂತು; ಮರವಾಗಿ ಬರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅದರ ಬೇರೆ ಹೆಸರುಗಳಾದ ಚರ್ಮೀ, ಮೃದುತ್ವಕ್ ಎಂಬವು ಗೊತ್ತು. ಎರಡೂ ತೊಗಟೆಯನ್ನು ನೋಡಿ ಇಟ್ಟ ಹೆಸರುಗಳು. ಕಾಳಿದಾಸನ ‘ವಿಕ್ರಮೋರ್ವಶೀಯ’ದಲ್ಲಿ ಊರ್ವಶಿ ಪ್ರೇಮಪತ್ರ ಬರೆಯುವುದು ಇದೇ ತೊಗಟೆಯ ಮೇಲೆ. ಗ್ರಂಥಗಳನ್ನು ತಾಳೆಗರಿಯಲ್ಲಿ ಬರೆದ ಕರ್ನಾಟಕದಲ್ಲಿ ಭೂರ್ಜಪತ್ರ ಹೆಚ್ಚಾಗಿ ಯಂತ್ರಕ್ಕೆ, ತಾಯತಕ್ಕೆ ಒದಗಿತು. ಮರ ಮಾತ್ರ ಹಿಮಾಲಯದಲ್ಲೇ ಉಳಿಯಿತು. 1825ರಲ್ಲಿ ಡೇವಿಡ್ ಡಾನ್ ‘ಬೆಟುಲಾ ಯುಟಿಲಿಸ್’ ಎಂದು ಹೆಸರಿಸಿದ ಈ ಪ್ರಭೇದ ಬೆಳೆಯುವುದು ಸುಮಾರು 3000 ಮೀಟರಿನ ಮೇಲೆ, ಮರಗಳ ಕೊನೆಯ ಎಲ್ಲೆಯಲ್ಲಿ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಧಾರವಾಡದಲ್ಲಾಗಲಿ, ಅದರ ಪಶ್ಚಿಮಕ್ಕಿರುವ ಸಹ್ಯಾದ್ರಿಯಲ್ಲಾಗಲಿ ಬೆಟುಲೇಸೀ ಕುಟುಂಬದ ಒಂದು ಗಿಡವೂ ಸಹಜವಾಗಿ ಹುಟ್ಟುವುದಿಲ್ಲ.

ಆದ್ದರಿಂದ ಇಲ್ಲಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಈ ಕುಟುಂಬವೆಂದರೆ ಪುಸ್ತಕದ ಚಿತ್ರ, ಇಲ್ಲವೆ ಹಾಳೆಗೆ ಅಂಟಿಸಿದ ಒಣ ರೆಂಬೆ. ಇದು ಹೀಗೇ ಇರಬೇಕಿಲ್ಲ ಎಂಬುದು ಈ ಲೇಖನದ ವಾದ. ಭೂರ್ಜದ ಹತ್ತಿರದ ನೆಂಟನೊಂದು ನಮ್ಮ ಕಾಲೇಜುಗಳ ಬಯಲಿನಲ್ಲಿ, ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ ಸುಯ್ಯೆನ್ನುತ್ತ ನಿಂತಿದೆ. ಅದು ಗಾಳಿಮರ, ಕೆಲವರ ಬಾಯಲ್ಲಿ ಸರ್ವೆ.

ಮೊದಲು ಕುಟುಂಬದ ಒಳಗಿನ ವಿಂಗಡಣೆ. ಬೆಟುಲೇಸೀಯಲ್ಲಿ ಇಂದು ಆರು ಜಾತಿಗಳಿವೆ. ಬೆಟುಲಾ (ಭೂರ್ಜ) ಮತ್ತು ಆಲ್ನಸ್ ಒಂದು ಉಪಕುಟುಂಬ. ಹೇಜಲ್‌ನಟ್ ಕೊಡುವ ಕೋರಿಲಸ್ ಹಾಗೂ ಕಾರ್ಪಿನಸ್, ಆಸ್ಟ್ರಿಯಾ, ಆಸ್ಟ್ರಿಯಾಪ್ಸಿಸ್ ಇನ್ನೊಂದು. ಲಿನೇಯಸ್ 1753ರಲ್ಲಿ ಆಲ್ನಸ್ಸನ್ನೂ ಬೆಟುಲಾದೊಳಗೇ ಸೇರಿಸಿದ್ದ. ಮರುವರ್ಷವೇ ಫಿಲಿಪ್ ಮಿಲ್ಲರ್ ಅದನ್ನು ಬೇರ್ಪಡಿಸಿದ. ಮಿಲ್ಲರನ ಕಡೆಗೆ ನ್ಯಾಯವಿದೆ ಎಂಬುದು ಕಾಯಿ ನೋಡಿದರೆ ತಿಳಿಯುತ್ತದೆ. ಭೂರ್ಜದ ಹೆಣ್ಣುಗೊಂಚಲಿನಲ್ಲಿ ಮೂರು ಸೀಳಿನ ತೆಳು ಹುರುಪೆ ಬೀಜದ ಜೊತೆಗೇ ಉದುರಿಹೋಗುತ್ತದೆ. ಆಲ್ನಸ್ಸಿನಲ್ಲಿ ಒಂದು ಬ್ರ್ಯಾಕ್ಟ್ ಮತ್ತು ನಾಲ್ಕು ಬ್ರ್ಯಾಕ್ಟಿಯೋಲ್‌ಗಳು ಬೆಸೆದು ಕಟ್ಟಿಗೆಯಂತಾಗಿ, ಬೀಜ ಉದುರಿದ ಮೇಲೂ ಚಿಕ್ಕ ಶಂಕುವಾಗಿ ರೆಂಬೆಗೆ ಕಚ್ಚಿಕೊಂಡಿರುತ್ತವೆ. ಪೈನ್ ಮರದ ಶಂಕುವಿನಂತೆ ಕಂಡರೂ ಇದು ಹೂಬಿಡುವ ಗಿಡದ ಹಣ್ಣುಗೊಂಚಲು.

ಈಗ ಗಾಳಿಮರದ ಕೆಳಗೆ ಬಿದ್ದ ಮುಳ್ಳುಮುಳ್ಳಾದ ಕಾಯಿಯೊಂದನ್ನು ಎತ್ತಿಕೊಳ್ಳಬೇಕು. ಇದೂ ಶಂಕು, ಇದೂ ಬ್ರ್ಯಾಕ್ಟಿಯೋಲ್‌ಗಳಿಂದಲೇ ಆದದ್ದು. ಎರಡೆರಡು ಬ್ರ್ಯಾಕ್ಟಿಯೋಲ್‌ಗಳು ಕಟ್ಟಿಗೆಯಾಗಿ, ಹಕ್ಕಿಯ ಕೊಕ್ಕಿನ ಹಾಗೆ ಬಾಯಿಬಿಟ್ಟು ಒಂದೊಂದು ರೆಕ್ಕೆಬೀಜವನ್ನು ಹೊರಬಿಡುತ್ತವೆ. ಹೆಣ್ಣುಹೂವಿಗೆ ದಳವಿಲ್ಲ, ಅಂಡಾಶಯ, ಅದರ ತುದಿಯಲ್ಲಿ ಎರಡು ಕೆಂಪು ಎಳೆಗಳು, ಅಷ್ಟೇ. ಪರಾಗವನ್ನು ಒಯ್ಯುವುದು ಗಾಳಿ. ಜನ ಎಲೆ ಎಂದುಕೊಳ್ಳುವ ಹಸಿರು ದಾರ ನಿಜಕ್ಕೂ ಕಿರುಗೊಂಬೆ. ಗೆಣ್ಣು ಹಿಡಿದು ಎಳೆದರೆ ಕಳಚಿ ಬರುತ್ತದೆ. ಆ ಗೆಣ್ಣಿನ ಸುತ್ತಲಿನ 6ರಿಂದ 8 ಸೂಕ್ಷ್ಮ ಹಲ್ಲುಗಳೇ ನಿಜವಾದ ಎಲೆಗಳು.

ಈ ವಿಚಿತ್ರ ರೂಪವೇ ವರ್ಗೀಕರಣಕಾರರನ್ನು ಬಹುಕಾಲ ದಾರಿ ತಪ್ಪಿಸಿತು. ಏಂಗ್ಲರ್ ಪದ್ಧತಿಯಲ್ಲಿ ಗಾಳಿಮರಕ್ಕೆ ದ್ವಿದಳ ಸಸ್ಯಗಳ ಆರಂಭದಲ್ಲೇ ಸ್ಥಾನ ಸಿಕ್ಕಿತ್ತು; ಸರಳ ಹೂವನ್ನು ಪ್ರಾಚೀನ ಹೂವೆಂದು ಭಾವಿಸಿದ್ದರು. ಆದರೆ ಸರಳತೆ ಸವೆತದಿಂದಲೂ ಬರಬಹುದು. ನಂಟಿನ ಒಂದು ಸುಳಿವು 1891ರಷ್ಟು ಹಿಂದೆಯೇ ದೊರಕಿತ್ತು. ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ಮೆಲ್ಚಿಯೋರ್ ಟ್ರ್ಯೂಬ್ ಗಾಳಿಮರದ ಅಂಡಾಶಯವನ್ನು ಸೀಳಿ ನೋಡಿದಾಗ, ಪರಾಗನಾಳ ಎಂದಿನಂತೆ ಅಂಡದ್ವಾರದಿಂದ ಒಳಹೋಗದೆ, ಅಂಡಕದ ಬುಡವಾದ ಚಲಾಜಾದ ಕಡೆಯಿಂದ ಹೊಕ್ಕಿತ್ತು. ಅವನು ಇದನ್ನೇ ಆಧಾರವಾಗಿಟ್ಟು ಗಾಳಿಮರವನ್ನು ಉಳಿದೆಲ್ಲ ಹೂಗಿಡಗಳಿಂದ ಪ್ರತ್ಯೇಕಿಸಿದ. ಕೆಲವೇ ವರ್ಷಗಳಲ್ಲಿ ಸರ್ಗೆಯ್ ನವಾಶಿನ್ ಅದೇ ಹಿಂಬಾಗಿಲ ಪ್ರವೇಶವನ್ನು ಭೂರ್ಜದಲ್ಲಿ ಕಂಡ. ಮಾರ್ಗರೆಟ್ ಬೆನ್ಸನ್ ಆಲ್ನಸ್, ಕೋರಿಲಸ್‌ಗಳಲ್ಲಿ ಕಂಡರು. ಗಾಳಿಮರವನ್ನು ಒಂಟಿಯಾಗಿಸಲು ತಂದ ಸಾಕ್ಷ್ಯವೇ ಅದನ್ನು ಭೂರ್ಜದ ಪಕ್ಕಕ್ಕೆ ತಂದು ನಿಲ್ಲಿಸಿತು. ವರ್ಗೀಕರಣದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ತಿರುವು ಇದು.

ಇಲ್ಲಿ ಕನ್ನಡಿಗರೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ 1948ರಲ್ಲಿ ಗಾಳಿಮರದ ಜೀವನಚರಿತ್ರೆಯ ಮೇಲೆ ದೀರ್ಘ ಪ್ರಬಂಧ ಪ್ರಕಟಿಸಿದರು. ಅವರ ಕನ್ನಡ ಬರಹವನ್ನು ಮೆಚ್ಚಿ ಓದುವ ನಾವು ಅವರ ಈ ಕೆಲಸವನ್ನು ತರಗತಿಯಲ್ಲಿ ಹೇಳುವುದು ಕಡಿಮೆ.

1990ರ ದಶಕದಿಂದೀಚೆಗೆ ಡಿಎನ್‌ಎ ಅಧ್ಯಯನಗಳು ಈ ನಂಟನ್ನು ಗಟ್ಟಿಮಾಡಿವೆ. ಓಕ್, ಅಕ್ರೋಟ, ಭೂರ್ಜ, ಗಾಳಿಮರ ಎಲ್ಲವೂ ಫಗೇಲಿಸ್ ಗಣದಲ್ಲಿವೆ. ಅದರೊಳಗೆ ಬೆಟುಲೇಸೀಗೆ ಇನ್ನೂ ಹತ್ತಿರವಿರುವುದು ಟಿಕೊಡೆಂಡ್ರೇಸೀ ಒಂದೇ. ಅದರ ಒಂದೇ ಒಂದು ಪ್ರಭೇದ ಮಧ್ಯ ಅಮೆರಿಕದ ಕಾಡಿನದು, 1989ರಲ್ಲಷ್ಟೇ ಹೆಸರು ಪಡೆದದ್ದು. ಅದರ ನಂತರದ ಸ್ಥಾನ ಗಾಳಿಮರದ ಕುಟುಂಬಕ್ಕೆ.

ಬೇರಿನ ಸಾಕ್ಷ್ಯವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಆಲ್ನಸ್ ಮತ್ತು ಗಾಳಿಮರ ಎರಡರ ಬೇರುಗಂಟುಗಳಲ್ಲೂ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ನೆಲೆಸಿ ಸಾರಜನಕ ಹಿಡಿದುಕೊಡುತ್ತದೆ. ನಾಗಾಲ್ಯಾಂಡಿನ ಖೊನೊಮಾದ ರೈತರು ಹೊಲಗಳಲ್ಲಿ ಆಲ್ನಸ್ ಉಳಿಸಿಕೊಳ್ಳುವುದರಿಂದ, ಕಾರವಾರದ ಮರಳಿನಲ್ಲಿ ಗಾಳಿಮರ ಬೇರೂರುವುದರಿಂದ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಭೂರ್ಜದ ಬೇರಿನಲ್ಲಿ ಗಂಟಿಲ್ಲ. ಗಂಟನ್ನೇ ಕುಟುಂಬದ ಗುರುತೆಂದು ಕಲಿಸಿದರೆ, ಭೂರ್ಜವೇ ಕುಟುಂಬದಿಂದ ಹೊರಗೆ ಬೀಳುತ್ತದೆ.

ಹೀಗಾಗಿ ಪಾಠವನ್ನು ಕಾಯಿಯಿಂದ ಆರಂಭಿಸುವುದು ಒಳ್ಳೆಯದು. ಬಲಿತರೂ ಬಾಯಿಬಿಡದ ಗಾಳಿಮರದ ಕಾಯಿಗಳನ್ನು ತಂದು, ಕಾಗದ ಹಾಸಿ ಬಿಸಿಲಿಗಿಟ್ಟರೆ ಕೊಕ್ಕುಗಳು ತೆರೆದು ರೆಕ್ಕೆಬೀಜಗಳು ಕಾಗದದ ಮೇಲೆ ಉದುರುತ್ತವೆ. ಪಕ್ಕದಲ್ಲಿ ಆಲ್ನಸ್ಸಿನ ಒಣ ಶಂಕುವೊಂದನ್ನು ಇಟ್ಟು, ಎರಡರ ಹುರುಪೆಗಳನ್ನೂ ಬುಡದಿಂದ ಬಿಡಿಸಿ ವಿದ್ಯಾರ್ಥಿ ತಾನೇ ಎಣಿಸಲಿ: ಅಲ್ಲಿ ಐದು ಬೆಸೆದು ಒಂದಾದ ಹುರುಪೆ, ಇಲ್ಲಿ ಕೂಡದೆ ಉಳಿದ ಎರಡು ಕೊಕ್ಕು.